ಕೊತ್ತಂಬರಿ ಸಸಿ ನೆಡಬೇಡಿ, ಬೀಜ ಬಿತ್ತಿ!

ನಮಸ್ಕಾರ. ಇವತ್ತು ಕಾಳುಮೆಣಸಿನ ಬಳ್ಳಿ ಬಗ್ಗೆ ಮಾತಾಡಬೇಕು ಅಂತಿದ್ದೆ. ಅದು ಮುಂದಿನ ವಾರಕ್ಕಿರಲಿ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದ ಒಂದು ಮಾತು ಮೂರು ದಿನದಿಂದ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. "ಅಕ್ಕಾ, ಕೊತ್ತಂಬರಿ ಬೀಜ ಹಾಕಿ ಕಾಯುವುದೆಲ್ಲ ಹಳೇ ಕಾಲದ ಕೆಲಸ. ನರ್ಸರಿಯಿಂದ ಸಸಿ ತಂದು ನೆಟ್ಟರೆ ಆಯಿತಲ್ಲ?"

ಆಗುವುದಿಲ್ಲ ಮಾರಾಯ್ರೇ!

ಅದನ್ನು ಓದುವ ಹಿಂದಿನ ದಿನವಷ್ಟೇ ನಾನು ಒಂದು ನರ್ಸರಿಗೆ ಹೋಗಿದ್ದೆ. ಅಲ್ಲೊಂದು ಪ್ಲಾಸ್ಟಿಕ್ ಟ್ರೇ. ಆರು ಗುಳಿ, ಆರು ಕೊತ್ತಂಬರಿ ಸಸಿ, 60 ರೂಪಾಯಿ. ಆರನ್ನೂ ಕೊಯ್ದರೆ ಒಂದು ಹೊತ್ತಿನ ತಿಳಿಸಾರಿನ ಮೇಲೆ ಉದುರಿಸಬಹುದು, ಅಷ್ಟೇ. ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬರು ಎರಡು ಟ್ರೇ ತೆಗೆದುಕೊಂಡರು. ಅವರ ಮುಖದಲ್ಲಿ ಎಷ್ಟು ಖುಷಿ! ಹೇಳೋಣ ಅಂತ ಬಾಯಿ ತನಕ ಬಂತು, ಹೇಳಲಿಲ್ಲ. ಮನೆ ತಲುಪುವವರೆಗೂ ಸಂಕಟವಾಯಿತು. ಅವರಿಗೆ ಹೇಳದೇ ಇದ್ದದ್ದನ್ನು ನಿಮಗೆ ಹೇಳುತ್ತೇನೆ. ಕೊತ್ತಂಬರಿ ಹುಟ್ಟಿದ ಜಾಗದಲ್ಲೇ ಬೆಳೆಯಬೇಕು. ಅದನ್ನು ಕಿತ್ತು ನೆಡಬೇಡಿ.

ಯಾಕೆ ಅಂತೀರಾ? ಕೊತ್ತಂಬರಿ ಕ್ಯಾರೆಟ್‌ನ ನೆಂಟ. ಜೀರಿಗೆ, ಓಮ, ಸೋಂಪು, ಸಬ್ಬಸಿಗೆ ಎಲ್ಲ ಆ ಕುಟುಂಬದವೇ. ಮೊಳಕೆ ಒಡೆದ ಕೂಡಲೇ ಅದು ಒಂದೇ ಒಂದು ತಾಯಿಬೇರನ್ನು ನೇರವಾಗಿ ಕೆಳಗೆ ಇಳಿಸುತ್ತದೆ. ಮೇಲೆ ಎರಡು ಎಲೆ ಕಾಣುವ ಹೊತ್ತಿಗೆ ಬೇರು ತನ್ನ ದಾರಿ ಹಿಡಿದಾಗಿರುತ್ತದೆ. ಆಗ ನೀವು ಹೋಗಿ ಕಿತ್ತರೆ? ಬೇರಿನ ತುದಿ ತುಂಡಾಗುತ್ತದೆ, ಇಲ್ಲವೇ ಮಡಚಿಕೊಳ್ಳುತ್ತದೆ. ಗಿಡ ಒಂದು ವಾರ ಮುಖ ಬಾಡಿಸಿಕೊಂಡು ನಿಲ್ಲುತ್ತದೆ. ಬದುಕಿದರೂ ಹೆಚ್ಚು ಸೊಪ್ಪು ಕೊಡುವುದಿಲ್ಲ, ಬೇಗ ಹೂವಿಗೆ ಏರುತ್ತದೆ. ಎಲೆ ಸಬ್ಬಸಿಗೆ ಹಾಗೆ ಎಳೆಎಳೆಯಾಗಿ ಸೀಳುತ್ತದೆ, ನಡುವಿನಿಂದ ಒಂದು ಕಡ್ಡಿ ಎದ್ದು ಬಿಳಿ ಹೂ ಬಿಡುತ್ತದೆ. ಅಲ್ಲಿಗೆ ಸೊಪ್ಪಿನ ಕಥೆ ಮುಗಿಯಿತು.

ಕ್ಯಾರೆಟ್ ಸಸಿ ಕಿತ್ತು ಬೇರೆ ಕಡೆ ನೆಡುವವರನ್ನು ಎಲ್ಲಾದರೂ ನೋಡಿದ್ದೀರಾ? ಮತ್ತೆ ಕೊತ್ತಂಬರಿಗೆ ಯಾಕೆ ಈ ಶಿಕ್ಷೆ?

ಇನ್ನೊಬ್ಬರು ಕೇಳಿದ್ದಾರೆ, "ಕಾಫಿ ಸಸಿಯನ್ನು ಎತ್ತಿ ನೆಡುತ್ತೇವಲ್ಲ, ಅದಕ್ಕೂ ತಾಯಿಬೇರು ಇಲ್ವಾ?" ಇದನ್ನು ಕೊಡಗಿನವರೇ ಕೇಳಿದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ! ಪಾತಿಯಿಂದ ಎತ್ತಿದ ಕಾಫಿ ಸಸಿಯನ್ನು ಕವರಿಗೆ ಹಾಕುವಾಗ ನೀವು ಮೊದಲು ಏನು ನೋಡುತ್ತೀರಿ? ಬೇರು ಡೊಂಕಾಗಿದೆಯಾ ಅಂತ. ಡೊಂಕಿದ್ದರೆ ಎಸೆಯುತ್ತೀರಿ. ಕಾಫಿಗೆ ಅಷ್ಟು ಮರ್ಯಾದೆ ಕೊಡುವವರು ಕೊತ್ತಂಬರಿಗೂ ಸ್ವಲ್ಪ ಕೊಡಿ. ಇನ್ನೊಂದು, ಕಾಫಿ ಮೊಳಕೆ ಬೀಜವನ್ನೇ ಟೋಪಿ ಮಾಡಿಕೊಂಡು ಮಣ್ಣಿನ ಮೇಲೆ ಬರುವುದಕ್ಕೇ ಸುಮಾರು 45 ದಿನ ಬೇಕು. ಅಷ್ಟರಲ್ಲಿ ಕೊತ್ತಂಬರಿ ಕೊಯ್ದು, ಚಟ್ನಿ ಅರೆದು, ತಿಂದೂ ಆಗಿರುತ್ತದೆ! ಕಾಫಿ ಗಿಡಕ್ಕೆ ಸುಧಾರಿಸಿಕೊಳ್ಳಲು ವರ್ಷಗಟ್ಟಲೆ ಸಮಯ ಇದೆ. ಕೊತ್ತಂಬರಿ ಸೊಪ್ಪಿನ ಆಯುಷ್ಯವೇ ಒಂದೂವರೆ ತಿಂಗಳು. ಅದರಲ್ಲಿ ಒಂದು ವಾರ ಬೇರಿನ ನೋವಿಗೆ ಹೋದರೆ ಉಳಿಯುವುದೇನು?

"ಪೇಪರ್ ಕಪ್ಪಿನಲ್ಲಿ ಹುಟ್ಟಿಸಿ ಕಪ್ ಸಮೇತ ನೆಡುತ್ತೇನೆ" ಅಂದರು ಒಬ್ಬರು. ನೆಲ ಪಕ್ಕದಲ್ಲೇ ಇದೆಯಲ್ಲ! ನೆಲಕ್ಕೇ ಹಾಕಿ! ಸಂತೆಯಿಂದ ಬೇರು ಸಮೇತ ತಂದ ಕಟ್ಟನ್ನು ಮಣ್ಣಿಗೆ ಚುಚ್ಚುವವರೂ ಇದ್ದಾರೆ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಈಗ ಬೀಜದ ವಿಷಯ. ಇದು ನನಗೆ ತುಂಬ ಇಷ್ಟವಾದ ಭಾಗ. ಅಡುಗೆಮನೆ ಡಬ್ಬಿ ತೆಗೆಯಿರಿ. ಹುರಿಯದ, ಹಳೆಯದಾಗದ ಕೊತ್ತಂಬರಿ ಬೀಜ ಒಂದು ಹಿಡಿ ಸಾಕು. ಒಂದು ಕಾಳನ್ನು ಬೆರಳ ಮಧ್ಯೆ ಒತ್ತಿ ನೋಡಿ, ಎರಡು ಹೋಳಾಗುತ್ತದೆ. ಒಂದೊಂದು ಹೋಳೂ ಒಂದೊಂದು ಬೀಜ. ನಾವು ಒಂದು ಅಂದುಕೊಂಡದ್ದು ಎರಡು! ಮೊದಲ ಸಲ ಗೊತ್ತಾದಾಗ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಬಟ್ಟೆಯ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ. ಒಡೆಯಬೇಕು, ಪುಡಿಯಾಗಬಾರದು. ಒಡೆಯದಿದ್ದರೂ ಹುಟ್ಟುತ್ತದೆ. ಆದರೆ ಒಡೆದರೆ ನೀರು ಬೇಗ ಒಳಗೆ ಹೋಗುತ್ತದೆ. ರಾತ್ರಿ ನೆನೆಸಿಡಿ, ಬೆಳಿಗ್ಗೆ ಸೋಸಿ ಬಿತ್ತಿ. ಉಗುರಿನಷ್ಟು ಆಳ, ಒಂದು ಸೆಂಟಿಮೀಟರ್. ಮೇಲೆ ತೆಳುವಾಗಿ ಪುಡಿ ಮಣ್ಣು. ನೀರನ್ನು ಸುರಿಯಬೇಡಿ, ಚಿಮುಕಿಸಿ.

ಆಮೇಲೆ ಕಾಯಬೇಕು. 8ರಿಂದ 15 ದಿನ. ಮಡಿಕೇರಿಯ ಚಳಿಗೆ ಇನ್ನೂ ನಾಲ್ಕು ದಿನ ಹಿಡಿಯಬಹುದು. ಏಳನೇ ದಿನಕ್ಕೇ ಬೆರಳು ಹಾಕಿ ಕೆದಕಬೇಡಿ. ಮೊದಲು ಬರುವ ಎರಡು ಎಲೆ ಕೊತ್ತಂಬರಿ ಹಾಗೆ ಕಾಣುವುದೇ ಇಲ್ಲ, ಉದ್ದಕ್ಕೆ ಹುಲ್ಲಿನ ಹಾಗಿರುತ್ತವೆ. ಕಳೆ ಅಂತ ಕಿತ್ತು, "ನಮ್ಮಲ್ಲಿ ಹುಟ್ಟಲ್ಲ ಅಕ್ಕಾ" ಅನ್ನುವವರು ಎಷ್ಟು ಜನ!

ಸಮಯ ಮುಖ್ಯ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಬಿತ್ತಬೇಡಿ, ಬೀಜ ಕೊಳೆಯುತ್ತದೆ. ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿ ತಿನ್ನಿ, ಆ ತಿಂಗಳಿಗೆ ಅದೇ ಸರಿ. ತುಲಾ ಸಂಕ್ರಮಣ ಕಳೆದ ಮೇಲೆ, ಅಂದರೆ ಅಕ್ಟೋಬರ್ ಕೊನೆಯ ಹೊತ್ತಿಗೆ, ಬಿತ್ತಿ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಕೊಯ್ಯಬಹುದು. ಮಾರ್ಚ್ ಬಿಸಿಲು ಬಂದರೆ ಬೇಗ ಹೂ ಬಿಡುತ್ತದೆ, ಅಷ್ಟರಲ್ಲಿ ಎರಡು ಮೂರು ಸಲ ಬಿತ್ತಿ ಮುಗಿಸಿ. ಹದಿನೈದು ದಿನಕ್ಕೊಂದು ಸಲ ಒಂದೊಂದು ಸಾಲು.

"ತೋಟದಲ್ಲಿ ಮುಳ್ಳಂಚಿನ ಉದ್ದೆಲೆ ಕೊತ್ತಂಬರಿ ತಾನಾಗಿ ಬರುತ್ತದೆ, ಇದೆಲ್ಲ ಯಾಕೆ" ಅನ್ನುತ್ತೀರಾ? ಅದು ಬೇರೆಯೇ ಗಿಡ. ಬೇರೆ ವಿಡಿಯೋ ಮಾಡುತ್ತೇನೆ.

ಮರೆಯುವ ಮುಂಚೆ ಹೇಳಿಬಿಡುತ್ತೇನೆ. ನಮ್ಮ ತೋಟದ ಕಾಫಿ, ಮನೆಯಲ್ಲೇ ಹುರಿದು ಮಾಡಿದ ಪುಡಿ, ಈ ತಿಂಗಳದ್ದು ರೆಡಿ ಇದೆ. ಬೇಕಾದವರು ಮೆಸೇಜ್ ಮಾಡಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಕಾಳುಮೆಣಸಿನ ವಿಡಿಯೋ ತಪ್ಪಿಸಿಕೊಳ್ಳಬೇಡಿ.

ಏನು ಹೇಳುತ್ತಿದ್ದೆ? ಹಾಂ, ಟ್ರೇ. ಟ್ರೇ ಬೇಡ! ಟೊಮೆಟೊ ಸಸಿ ತನ್ನಿ, ಬದನೆ ಸಸಿ ತನ್ನಿ, ಮೆಣಸಿನ ಸಸಿ ತನ್ನಿ, ನಾನು ಬೇಡ ಅನ್ನುವುದಿಲ್ಲ. ಕೊತ್ತಂಬರಿ ಬೇಡ! "ಆದರೂ ಅಕ್ಕಾ" ಅನ್ನಬೇಡಿ. ಆದರೂ ಇಲ್ಲ, ಏನೂ ಇಲ್ಲ. ಬಿತ್ತಿ. ಅಷ್ಟೇ. ಬಿತ್ತಿ!

ಆವತ್ತು ಎರಡು ಟ್ರೇ ತೆಗೆದುಕೊಂಡ ಅಕ್ಕ, ನೀವು ಇದನ್ನು ನೋಡುತ್ತಿದ್ದರೆ, ದಯವಿಟ್ಟು ಆ ಸಸಿಗಳನ್ನು ಕೀಳಬೇಡಿ. ಟ್ರೇಯಲ್ಲಿರುವಾಗಲೇ ಕೊಯ್ದು ಇವತ್ತಿನ ಸಾರಿಗೆ ಹಾಕಿ. ರಾತ್ರಿ ಒಂದು ಹಿಡಿ ಬೀಜ ನೆನೆಸಿಡಿ.