ಬಾಲ ಮಾತ್ರ ಸಿಕ್ಕಾಗ

ಕೇಳುಗರಿಗೆ ನಮಸ್ಕಾರ.

ಟ್ರೈಲೊಬೈಟ್ ಎಂದರೆ ಪ್ರಾಚೀನ ಕಡಲುಗಳಲ್ಲಿ ಬದುಕಿದ್ದ, ಗಟ್ಟಿ ಚಿಪ್ಪಿನ, ಸಂಧಿಪದಿಗಳ, ಅಂದರೆ ಏಡಿ, ಕೀಟಗಳಂಥ ಕೀಲುಗಾಲಿನ ಜೀವಿಗಳ ಬಳಗಕ್ಕೆ ಸೇರಿದ ಪ್ರಾಣಿ. ಸುಮಾರು 36 ಕೋಟಿ ವರ್ಷಗಳ ಹಿಂದೆ ಕಾರ್ಬೊನಿಫೆರಸ್ ಯುಗ ಆರಂಭವಾಗುವ ಹೊತ್ತಿಗೆ ಇವುಗಳ ವೈಭವ ಮುಗಿದಿತ್ತು. ಅದಕ್ಕೂ ಹಿಂದಿನ ಡಿವೋನಿಯನ್ ಯುಗದ ಕೊನೆಯ ಅಳಿವನ್ನು ದಾಟಿ ಉಳಿದದ್ದು ಪ್ರೊಯೆಟಿಡಾ ಎಂಬ ಒಂದೇ ಗಣ. ಹೀಗಾಗಿ ಕಾರ್ಬೊನಿಫೆರಸ್ ಯುಗದ ಟ್ರೈಲೊಬೈಟ್‌ಗಳೆಲ್ಲ ಒಂದೇ ಮನೆತನದವರಂತೆ ಕಾಣುತ್ತವೆ. ಹೆಚ್ಚಿನವಕ್ಕೆ ಎದೆಯ ಭಾಗದಲ್ಲಿ ಒಂಬತ್ತು ಖಂಡಗಳು, ಉದ್ದ ಕೆಲವೇ ಸೆಂಟಿಮೀಟರ್. ಇವುಗಳಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ತುಂಬ ತಾಳ್ಮೆ ಬೇಡುವ ಕೆಲಸ.

ಐರ್ಲೆಂಡಿನ ಲಂಡನ್‌ಡೆರಿ ಪ್ರಾಂತದ ಭೂವಿಜ್ಞಾನ ವರದಿಯನ್ನು 1843ರಲ್ಲಿ ಪ್ರಕಟಿಸಿದ ಸೇನಾ ಅಧಿಕಾರಿ ಪೋರ್ಟ್‌ಲಾಕ್, ಅದರಲ್ಲಿ ಟ್ರೈಲೊಬೈಟ್‌ಗಳ ಎರಡು ಕುಲಗಳನ್ನು, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳನ್ನು, ಹೆಸರಿಸಿದರು. ಭೂವಿಜ್ಞಾನಿ ಜಾನ್ ಫಿಲಿಪ್ಸ್ ಅವರ ಗೌರವಾರ್ಥ ಫಿಲಿಪ್ಸಿಯ. ಐರ್ಲೆಂಡಿನ ಭೂವೈಜ್ಞಾನಿಕ ನಕ್ಷೆ ರಚಿಸಿದ ರಿಚರ್ಡ್ ಗ್ರಿಫಿತ್ ಅವರ ಹೆಸರಿನಲ್ಲಿ ಗ್ರಿಫಿತೈಡಿಸ್. ಇವೆರಡನ್ನೂ ಗುರುತಿಸಲು ತಲೆಯ ನಡುವಿನ ಉಬ್ಬನ್ನು, ಅಂದರೆ ಗ್ಲಾಬೆಲ್ಲವನ್ನು ನೋಡಬೇಕು. ಫಿಲಿಪ್ಸಿಯದಲ್ಲಿ ಅದರ ಎರಡೂ ಬದಿಗಳು ಹೆಚ್ಚುಕಡಿಮೆ ಸಮಾನಾಂತರ, ಪಕ್ಕದ ಗೀರುಗಳು ಸ್ಪಷ್ಟ, ಕಣ್ಣು ದೊಡ್ಡದು. ಗ್ರಿಫಿತೈಡಿಸ್‌ನಲ್ಲಿ ಉಬ್ಬು ಮುಂದಕ್ಕೆ ಅಗಲವಾಗುತ್ತದೆ, ಗೀರುಗಳು ಮಸುಕು, ಕಣ್ಣು ಚಿಕ್ಕದು.

ಆದರೆ ಬಂಡೆಯಲ್ಲಿ ಇಡೀ ಪ್ರಾಣಿ ಸಿಗುವುದು ಅಪರೂಪ. ಬೆಳೆಯುತ್ತಾ ಟ್ರೈಲೊಬೈಟ್ ಮತ್ತೆ ಮತ್ತೆ ಚಿಪ್ಪು ಕಳಚುತ್ತಿತ್ತು. ಕಳಚುವಾಗ ತಲೆ ಸೀಳುಗೆರೆಗಳಲ್ಲಿ ಬಿಚ್ಚಿ ಕೆನ್ನೆಗಳು ಬೇರಾಗುತ್ತಿದ್ದವು. ಅಲೆಗಳು ಉಳಿದ ತುಂಡುಗಳನ್ನು ಚದುರಿಸುತ್ತಿದ್ದವು. ಹೀಗೆ ಬಾಲಕ್ಕೆ ಒಂದು ಹೆಸರು, ತಲೆಗೆ ಇನ್ನೊಂದು ಹೆಸರು ಬೀಳುವ ಅಪಾಯ ಸದಾ ಇದೆ. ಮರಿಯ ಚಿಪ್ಪನ್ನು ಬೇರೆ ಪ್ರಭೇದವೆಂದು ಎಣಿಸುವುದೂ ಸಾಧ್ಯ. ಕೆಸರಿನ ಒತ್ತಡದಲ್ಲಿ ಚಪ್ಪಟೆಯಾದ ಉಬ್ಬನ್ನು ಅಗಲವೆಂದು ಅಳೆದರಂತೂ ಹೊಸ ಪ್ರಭೇದವೇ ಹುಟ್ಟಿಬಿಡುತ್ತದೆ!

ಕಣ್ಣು ಕೂಡ ಮೋಸ ಮಾಡೀತು. ಜರ್ಮನಿಯ ಆಳಕಡಲಿನ ಜೇಡಿಶಿಲೆಗಳಲ್ಲಿ ಕುರುಡು ಟ್ರೈಲೊಬೈಟ್‌ಗಳಿವೆ. ಬೆಳಕು ತಲುಪದ ನೆಲೆಗಳಲ್ಲಿ ಬೇರೆ ಬೇರೆ ವಂಶಗಳು ಪ್ರತ್ಯೇಕವಾಗಿ ಕಣ್ಣು ಕಳೆದುಕೊಂಡಿವೆ. ಕುರುಡುತನ ಒಂದನ್ನೇ ನಂಬಿ ಅವನ್ನು ಬಂಧುಗಳೆನ್ನಲಾಗದು.

ಆದ್ದರಿಂದ ಒಂದೇ ಪದರದಿಂದ ಚಿಕ್ಕದು, ದೊಡ್ಡದು, ತಲೆ, ಬಾಲ ಎಲ್ಲವನ್ನೂ ಒಟ್ಟಿಗೆ ಸಂಗ್ರಹಿಸಿ ಹೋಲಿಸಬೇಕು. ಬಾಲ ಮಾತ್ರ ಸಿಕ್ಕಿದ್ದರೆ ಕುಲದ ಹೆಸರಿಗೇ ನಿಲ್ಲುವುದು ಪ್ರಾಮಾಣಿಕತೆ ಎಂಬುದು ನನ್ನ ದೃಢ ಅಭಿಪ್ರಾಯ. ಏಕೆಂದರೆ ಪ್ರಭೇದದ ಹೆಸರು, ಅದನ್ನಿಡಲು ಆಧಾರವಾದ, ಸಂಗ್ರಹಾಲಯದಲ್ಲಿರುವ ಮಾದರಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಆ ಮಾದರಿ ಸವೆದ ಬಾಲವಾಗಿದ್ದರೆ, ಮುಂದೆ ಸಿಕ್ಕ ಯಾವ ತಲೆಯನ್ನೂ ಅದಕ್ಕೆ ಖಚಿತವಾಗಿ ಜೋಡಿಸಲಾಗದೆ, ಆ ಹೆಸರನ್ನು ಆ ಒಂದು ತುಂಡಿಗಷ್ಟೇ ಸೀಮಿತಗೊಳಿಸಬೇಕಾಗುತ್ತದೆ.