ಸರಾಸರಿ ಮಗು ಅಂತ ಯಾರೂ ಇಲ್ಲ!

ನಮಸ್ಕಾರ. ಹೋದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಆಟಿಸಂ ಮಕ್ಕಳ ಮೆದುಳಲ್ಲಿ ಕನೆಕ್ಷನ್ ಕಡಿಮೆ, ಸೆರೊಟೋನಿನ್ ಕಡಿಮೆ. ಸ್ಕ್ಯಾನ್ ಮಾಡಿಸಿ, ಮಾತ್ರೆ ಕೊಡಿ, ಆಯ್ತು." ಆಯ್ತಂತೆ! ಅದಕ್ಕೆ ರಾಶಿ ಲೈಕು ಬೇರೆ. ನನ್ನ ವಿಡಿಯೋಗೆ ಅಷ್ಟು ಬಂದಿಲ್ಲ. ಇರಲಿ, ಈಗಲಾದರೂ ಒತ್ತಿ. ಸೆರೊಟೋನಿನ್ ಅಂದರೆ ಮೆದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಒಂದು ರಾಸಾಯನಿಕ.

ಕನೆಕ್ಷನ್ ಕಡಿಮೆ ಅನ್ನುವ ಮಾತಿಗೆ ಜೋರು ಬಂದದ್ದು 2004ರಲ್ಲಿ. ಮೆದುಳಿನ ಸಂಶೋಧಕ ಮಾರ್ಸೆಲ್ ಜಸ್ಟ್ ಅವರ ತಂಡ ಆಟಿಸಂ ಇರುವವರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ವಾಕ್ಯ ಓದಿಸಿತು. ಮೆದುಳಿನ ಭಾಗಗಳು ಜೊತೆಜೊತೆಗೆ ಕೆಲಸ ಮಾಡುವುದು ಕಡಿಮೆ ಕಂಡಿತು. ಸರಿ. 2013ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮಕ್ಕಳನ್ನೇ ನೋಡಿದರು. ಅಲ್ಲಿ ಉಲ್ಟಾ, ಕನೆಕ್ಷನ್ ಜಾಸ್ತಿ! ಈಗ ಹೇಳಿ, ನಿಮ್ಮ ಮಗುವಿನದು ಯಾವುದು? ಗೊತ್ತಾಗುವುದಿಲ್ಲ. ಎರಡೂ ಗುಂಪಿನ ಸರಾಸರಿ. ಸರಾಸರಿ ಮಗು ಅಂತ ಯಾರೂ ಇಲ್ಲ.

ಇನ್ನೊಂದು ತಮಾಷೆ ಕೇಳಿ. 2012ರಲ್ಲಿ ಒಂದಲ್ಲ, ಬೇರೆ ಬೇರೆ ತಂಡಗಳು ತೋರಿಸಿದವು: ಸ್ಕ್ಯಾನ್ ನಡೆಯುವಾಗ ತಲೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲುಗಿದರೂ ಸಾಕು, ದೂರದ ಕನೆಕ್ಷನ್ ಕಡಿಮೆಯಾಗಿ, ಹತ್ತಿರದ್ದು ಜಾಸ್ತಿಯಾಗಿ ಕಾಣುತ್ತದೆ. ಆಟಿಸಂ ಬಗ್ಗೆ ಎಲ್ಲರೂ ಹೇಳುತ್ತಿದ್ದ ಕಥೆಯೂ ಹೆಚ್ಚುಕಮ್ಮಿ ಇದೇ ಅಲ್ವಾ! ಆ ಗಡಗಡ ಸದ್ದಿನ ಯಂತ್ರದೊಳಗೆ ಯಾವ ಮಗು ಅಲ್ಲಾಡದೆ ಮಲಗುತ್ತದೆ? ನಾನೇ ಮಲಗಲ್ಲ. ಹಾಗಂತ ಎಲ್ಲ ಫಲಿತಾಂಶ ಸುಳ್ಳು ಅಂತಲ್ಲ, ಈಗ ಅಲುಗಾಟವನ್ನು ಲೆಕ್ಕ ಹಾಕಿ ಬೇರ್ಪಡಿಸುತ್ತಾರೆ. ಆದರೂ ಉಳಿಯುವುದು ಸರಾಸರಿ. ನಿಮ್ಮ ಮಗು ಅಲ್ಲ!

ಸೆರೊಟೋನಿನ್ ಕಡಿಮೆಯಂತೆ. ಸ್ವಾಮಿ, 1961ರಿಂದ ಗೊತ್ತಿರುವುದು ಏನು? ಆಟಿಸಂ ಇರುವ ಸುಮಾರು ಕಾಲು ಭಾಗ ಜನರ ರಕ್ತದಲ್ಲಿ ಅದು ಜಾಸ್ತಿ. ಜಾಸ್ತಿ! ಅದೂ ರಕ್ತದಲ್ಲಿ, ಅಲ್ಲಿಂದ ಅದು ಮೆದುಳಿಗೆ ದಾಟುವುದಿಲ್ಲ. ಉಳಿದ ಮುಕ್ಕಾಲು ಭಾಗ ಜನ ಎಲ್ಲಿಗೆ ಹೋಗಬೇಕು? ಸೆರೊಟೋನಿನ್ ಮೇಲೆ ಕೆಲಸ ಮಾಡುವ ಸಿಟಾಲೊಪ್ರಾಮ್ ಅನ್ನುವ ಔಷಧಿಯನ್ನು 149 ಮಕ್ಕಳ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಕೊಟ್ಟರು. ಮಾಡಿದ್ದನ್ನೇ ಮಾಡುವ ನಡವಳಿಕೆಗೆ ಔಷಧಿಯೇ ಇಲ್ಲದ ತೋರಿಕೆಯ ಡೋಸಿಗಿಂತ ಹೆಚ್ಚೇನೂ ಮಾಡಲಿಲ್ಲ. ಬಾಂಧವ್ಯದ ಹಾರ್ಮೋನ್ ಅಂತ ಕರೆಯುವ ಆಕ್ಸಿಟೋಸಿನ್, ಅದರ ಮೂಗಿನ ಸ್ಪ್ರೇ, 2021, ಅದೇ ಕಥೆ. ಮೆದುಳಿನ ರಾಸಾಯನಿಕಗಳಲ್ಲಿ ಗ್ಲುಟಮೇಟ್ ಆಕ್ಸಿಲರೇಟರ್, ಗಾಬಾ ಬ್ರೇಕು, ಎರಡರ ಹೊಂದಾಣಿಕೆ ತಪ್ಪಿದೆ ಅನ್ನುವ ವಾದ 2003ರದು. ಒಳ್ಳೆ ವಾದವೇ. ಅದನ್ನೇ ನಂಬಿ ಬ್ಯುಮೆಟನೈಡ್ ಅನ್ನುವ, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು ನೋಡಿದರು, ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿಸಿತು, ದೊಡ್ಡದರಲ್ಲಿ ಮಲಗಿತು.

"ಹಾಗಾದರೆ ವಿಜ್ಞಾನಿಗಳು ದಡ್ಡರಾ?" ಅಂತ ಬರುತ್ತೀರಿ, ಗೊತ್ತು. ಅವರು ದಡ್ಡರಲ್ಲ, ಅವರೇ ಇದು ಗುಂಪಿನ ಲೆಕ್ಕ ಅಂತ ಬರೆದಿದ್ದಾರೆ, ನೀವು ಓದಲಿಲ್ಲ. "ನಮ್ಮ ಮಗುವಿನ ಸ್ಕ್ಯಾನಲ್ಲೇ ಆಟಿಸಂ ಬಂದಿದೆ" ಅನ್ನುವವರೂ ಇದ್ದಾರೆ. ಬಂದಿಲ್ಲ! ಬರುವುದಿಲ್ಲ! ಆಟಿಸಂ ಗುರುತಿಸುವುದು ಮಗುವಿನ ನಡವಳಿಕೆ ನೋಡಿ, ಬೆಳೆದ ಬಗೆ ಕೇಳಿ. ಸರಾಸರಿ ಮಗು ಇಲ್ಲ, ಇಲ್ಲ, ಇಲ್ಲ! ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿಸಿ ಮಾರುತ್ತೇನೆ ನೋಡುತ್ತಿರಿ.

ಮುಂದಿನ ಸಂಚಿಕೆ ಮೆಲಟೋನಿನ್ ಮತ್ತು ನಿದ್ದೆ ಬಗ್ಗೆ. ಅಲ್ಲೂ ಜಗಳ ಇದೆ, ಬನ್ನಿ. ಸಬ್‌ಸ್ಕ್ರೈಬ್ ಆಗದೇ ಜಗಳಕ್ಕೆ ಬರಬೇಡಿ.