ಹರಿದ ಅಂಚಿನಲ್ಲಿ ಒಂದು ಬೆಟ್ಟ

ಕೇಳುಗರಿಗೆ ನಮಸ್ಕಾರ. ಮೊದಲು ಒಂದು ಸದ್ದು ಕೇಳಿ.

(ಕಾಗದ ಹರಿಯುವ ಸದ್ದು)

ಈಗ ಇನ್ನೊಂದು.

(ಮತ್ತೊಮ್ಮೆ, ತಡೆದು ತಡೆದು)

ಬೇರೆ ಥರ ಇದೆ, ಅಲ್ವಾ? ಎರಡೂ ಹಳೇ ದಿನಪತ್ರಿಕೆಯ ಒಂದೇ ಹಾಳೆ. ಮೊದಲು ಮೇಲಿಂದ ಕೆಳಕ್ಕೆ ಹರಿದೆ. ಸರ್ರನೆ ಬಂತು, ಅಂಚು ಹೆಚ್ಚುಕಡಿಮೆ ನೆಟ್ಟಗಿದೆ. ಆಮೇಲೆ ಅಡ್ಡ ಹರಿದೆ. ಅದು ನನ್ನ ಮಾತು ಕೇಳಲೇ ಇಲ್ಲ, ಅಂಕುಡೊಂಕಾಗಿ ಎಲ್ಲೆಲ್ಲೋ ಹೋಯಿತು. ಕಾಗದ ತಯಾರಾಗುವಾಗ ಅದರ ನಾರುಗಳಲ್ಲಿ ಹೆಚ್ಚಿನವು ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಅದಕ್ಕೇ ಹೀಗೆ. ಆ ಅಂಕುಡೊಂಕು ಅಂಚನ್ನು ಎತ್ತಿ ಹಿಡಿದು ನೋಡಿದರೆ, ಬೆಟ್ಟದ ಸಾಲು!

ಹೀಗೆ ಕಾಗದದ ಚೂರುಗಳನ್ನು ಅಂಟಿಸಿ ಮಾಡುವ ಚಿತ್ರವೇ ಕೊಲಾಜ್. ಅಂಟಿಸು ಅನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದ ಹೆಸರು. 1912ರಲ್ಲಿ ಚಿತ್ರಕಾರರಾದ ಪಿಕಾಸೊ ಮತ್ತು ಬ್ರಾಕ್ ಇದನ್ನು ಕೈಗೆತ್ತಿಕೊಂಡ ಮೇಲೆ ಕಲೆಯ ಲೋಕದಲ್ಲಿ ಇದಕ್ಕೊಂದು ಜಾಗ ಸಿಕ್ಕಿತು. ಆದರೆ ನನಗೆ ಜಾಸ್ತಿ ಇಷ್ಟವಾದವರು ಅದಕ್ಕೂ ನೂರನಲವತ್ತು ವರ್ಷ ಮೊದಲೇ ಕತ್ತರಿ ಹಿಡಿದಿದ್ದ ಒಬ್ಬ ಅಜ್ಜಿ.

ಹೆಸರು ಮೇರಿ ಡಿಲೇನಿ. ಇಂಗ್ಲೆಂಡಿನಲ್ಲಿ 1700ರಲ್ಲಿ ಹುಟ್ಟಿದವರು. ಗಂಡ ತೀರಿಹೋದ ಮೇಲೆ ಗೆಳತಿಯಾದ ಪೋರ್ಟ್‌ಲ್ಯಾಂಡಿನ ಡಚೆಸ್ ಅನ್ನುವ ಬಿರುದಿನ ಸಿರಿವಂತೆಯ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರು. 1772ರಲ್ಲಿ ಒಂದು ದಿನ ಅಲ್ಲಿದ್ದ ಕೆಂಪು ಕಾಗದದ ಚೂರಿಗೂ ಪಕ್ಕದ ಜೆರೇನಿಯಂ ಹೂವಿಗೂ ಬಣ್ಣ ಒಂದೇ ಅನ್ನುವುದು ಅವರ ಕಣ್ಣಿಗೆ ಬಿತ್ತು. ಸುಮ್ನೆ ಕತ್ತರಿ ತೆಗೆದುಕೊಂಡು ಎಸಳು ಕತ್ತರಿಸಿದರು. ಒಳಗೆ ಬಂದ ಡಚೆಸ್, ಅದು ನಿಜವಾದ ಹೂವಿನ ಎಸಳು ಅಂದುಕೊಂಡರಂತೆ. ಆಗ ಡಿಲೇನಿಗೆ ಎಪ್ಪತ್ತೆರಡು ವರ್ಷ.

ಮುಂದಿನ ಹತ್ತು ವರ್ಷದಲ್ಲಿ ಅವರು ಮಾಡಿದ್ದು 985 ಗಿಡಗಳ ಚಿತ್ರ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಹಿನ್ನೆಲೆ ಕಡುಕಪ್ಪು. ಅದರ ಮೇಲೆ ಒಂದೊಂದು ಎಸಳು, ಒಂದೊಂದು ಕೇಸರ, ಎಲೆಯ ನರ ಕೂಡ ಬೇರೆ ಬೇರೆ ಕಾಗದದ ಚೂರು. ಒಂದು ಎಲೆಗೆ ಒಂದು ಹಸಿರು ಸಾಲದು. ಬೆಳಕು ಬಿದ್ದ ಕಡೆ ತಿಳಿ ಹಸಿರು, ಮಡಿಕೆಯ ಒಳಗೆ ಗಾಢ ಹಸಿರು, ಒಣಗುತ್ತಿರುವ ತುದಿಗೆ ಕಂದು. ಗೋಡೆಗೆ ಅಂಟಿಸುವ ಕಾಗದದವರ ಹತ್ತಿರ ಬಣ್ಣ ಇಳಿದು ಕೆಟ್ಟ ಹಾಳೆಗಳಿದ್ದರೆ ಇವರಿಗೆ ಅದೇ ಬೇಕಿತ್ತು. ಕೆಲವು ಚಿತ್ರಗಳಲ್ಲಿ ಕಾಗದದ ಮಧ್ಯೆ ನಿಜವಾದ ಒಣ ಎಲೆಯನ್ನೇ ಕೂರಿಸಿಬಿಟ್ಟಿದ್ದಾರೆ! ಸಾವಿರ ಮುಟ್ಟಬೇಕು ಅನ್ನುವ ಆಸೆ ಇತ್ತು. 1782ರ ಹೊತ್ತಿಗೆ ಕಣ್ಣು ಮಂಜಾಯಿತು, ಕತ್ತರಿ ಕೆಳಗಿಟ್ಟರು.

ಹೂವೇನೋ ಕೈಗೆ ಸಿಗುತ್ತದೆ, ಮೂಗಿನ ಹತ್ತಿರ ಹಿಡಿದು ನೋಡಬಹುದು. ಬಯಲನ್ನು, ಬೆಟ್ಟವನ್ನು ಏನು ಮಾಡೋಣ? ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ ಆ ದೂರವನ್ನೇ ಒಪ್ಪಲಿಲ್ಲ. 1986ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮರಳುಗಾಡಿನ ಒಂದು ರಸ್ತೆಯ ನೂರಾರು ಫೋಟೋ ತೆಗೆದು, ಜೋಡಿಸಿ, ಒಂದೇ ದೊಡ್ಡ ಚಿತ್ರ ಮಾಡಿದರು. ಪಿಯರ್‌ಬ್ಲಾಸಮ್ ಹೈವೇ ಅಂತ ಅದರ ಹೆಸರು. ಮೊದಲ ನೋಟಕ್ಕೆ ನಿಂತಲ್ಲೇ ನಿಂತು ಕ್ಲಿಕ್ ಮಾಡಿದ ಹಾಗೆ ಕಾಣುತ್ತದೆ. ಆದರೆ ರಸ್ತೆ ಬದಿಯ ‘ನಿಲ್ಲಿ’ ಫಲಕವನ್ನು ಏಣಿ ಹತ್ತಿ ಹತ್ತಿರದಿಂದ ತೆಗೆದದ್ದು. ನೆಲದ ಮೇಲೆ ಬಿದ್ದ ಡಬ್ಬಿ, ಬಾಟಲಿಗಳನ್ನು ಅವುಗಳ ಬಳಿಗೇ ಹೋಗಿ ತೆಗೆದದ್ದು. ಆಕಾಶದ ನೀಲಿ ಒಂದು ಚೌಕದಿಂದ ಇನ್ನೊಂದಕ್ಕೆ ಕೊಂಚ ಬೇರೆ. ಆ ಕೂಡುಗೆರೆಗಳನ್ನು ಅವರು ಮುಚ್ಚಿಲ್ಲ. ನಾವು ಬಯಲಲ್ಲಿ ನಿಂತು ನೋಡುವುದೂ ಹಾಗೇ ತಾನೇ? ಕಣ್ಣು ಒಮ್ಮೆ ಮೋಡದ ಮೇಲೆ, ಒಮ್ಮೆ ಕಾಲ ಬುಡದ ಕಲ್ಲಿನ ಮೇಲೆ. ಜೋಡಿಸುವುದು ಆಮೇಲಿನ ಕೆಲಸ.

ನನ್ನದೊಂದು ತಕರಾರು ಇದೆ. ಪತ್ರಿಕೆಯಲ್ಲಿ ಬಂದ ಮರದ ಫೋಟೋ ಕತ್ತರಿಸಿ, ಮರ ಅಂತಲೇ ಅಂಟಿಸಿದರೆ ಮಜಾ ಇಲ್ಲ. ಸೀರೆ ಜಾಹೀರಾತಿನ ನೆರಿಗೆ ಹೊಳೆಯಾಗಬೇಕು. ಯಾರದೋ ಕೋಟಿನ ತೋಳು ಉತ್ತ ಹೊಲವಾಗಬೇಕು. ಆಗ ಮಾತ್ರ ನಿಜವಾದ ಹೊಲವನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು ಅನ್ನಿಸುತ್ತದೆ.

ನೀವೂ ಮಾಡಿ ನೋಡಬಹುದು. ಮೂರು ಪಟ್ಟಿ ಹರಿದರೆ ಸಾಕು. ತೀರಾ ಮಾಸಲು ಬಣ್ಣದ್ದನ್ನು ಮೊದಲು ಅಂಟಿಸಿ, ಅದು ದೂರದ ಬೆಟ್ಟ. ಅದರ ಬುಡ ಮುಚ್ಚುವಂತೆ ಎರಡನೆಯದು. ಎಲ್ಲಕ್ಕಿಂತ ಗಾಢವಾದದ್ದು ಮುಂದೆ. ಬಣ್ಣದ ಹಾಳೆ ಹರಿದಾಗ ಒಂದು ತುಂಡಿನ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಅದನ್ನು ಕತ್ತರಿಸಿ ಸರಿಮಾಡಲು ಹೋಗಬೇಡಿ, ಬೆಟ್ಟದ ನೆತ್ತಿಯ ಮಂಜು ಅದು. ಗೋಂದು ತೆಳ್ಳಗಿರಲಿ. ಜಾಸ್ತಿ ಆದರೆ ಕಾಗದ ನೆನೆದು ಹಿಗ್ಗಿ, ಬಯಲೆಲ್ಲಾ ಸುಕ್ಕುಸುಕ್ಕು. ನನ್ನ ಮೊದಮೊದಲಿನ ಚಿತ್ರಗಳೆಲ್ಲ ಹಪ್ಪಳದ ಹಾಗೆ ಮುದುರಿಕೊಂಡಿದ್ದವು.

ಈಗ ನಿಮ್ಮ ಜೊತೆ ಮಾತಾಡುತ್ತಾ ನಾನೂ ಮೂರು ಪಟ್ಟಿ ಜೋಡಿಸಿದೆ. ಹಿಂದಿನ ಎರಡು ಬೆಟ್ಟ ಚೆನ್ನಾಗಿ ಬಂದಿವೆ. ಮುಂದಿನದು ವರ್ಗೀಕೃತ ಜಾಹೀರಾತಿನ ಪುಟದ್ದು. ಇಳಿಜಾರಿನ ಮೇಲೆ ಪುಟ್ಟ ಅಕ್ಷರಗಳಲ್ಲಿ ‘ಮಾರಾಟಕ್ಕಿದೆ’ ಅಂತ ಎದ್ದು ಕಾಣುತ್ತಿದೆ. ಮೇಲೆ ಇನ್ನೊಂದು ಚೂರು ಅಂಟಿಸಿ ಮುಚ್ಚಬಹುದಿತ್ತು. ಬೇಡ ಅನ್ನಿಸಿ, ಹಾಗೇ ಬಿಟ್ಟಿದ್ದೇನೆ.